ಆಚಾರ್ಯ ಮಹಾವೀರನ ಒಂದು ಸಂಖ್ಯೆ

ನೃಪತುಂಗನೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನ ಸ್ತುತಿ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೂ ಇದೆ. ಜೈನ ಗಣಿತಜ್ಞ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥದ ಗುಣಾಕಾರ ಭಾಗದಲ್ಲಿ ಒಂದು ಉದಾಹರಣೆಯುಂಟು: 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಅಂಕಮಾಲೆ.

ಇದು ಕೇವಲ ಕಣ್ಣಿನ ಸೊಗಸಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. ಆ ಎರಡು ಮೂಲಗಳ ಗುಣಲಬ್ಧ 111111. ಆದ್ದರಿಂದ ಮಹಾವೀರನ ಸಂಖ್ಯೆ 111111ರ ವರ್ಗವೇ ಆಗಿದೆ. ಆರು ಒಂದುಗಳ ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿದರೆ, ನಡುವಿನ ಸ್ಥಾನದಲ್ಲಿ ಆರು ಒಂದುಗಳು ಸೇರುತ್ತವೆ, ಅಂಚುಗಳಲ್ಲಿ ಒಂದೊಂದೇ ಉಳಿಯುತ್ತದೆ. ದಶಕವಿಲ್ಲದ್ದರಿಂದ ಮಾಲೆ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ನಿಯಮ ನಿಲ್ಲುತ್ತದೆ. ಹತ್ತನೆಯದಕ್ಕೆ ದಶಕ ಬಂದು ಮಾಲೆ ಹರಿಯುತ್ತದೆ.

ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವುದು ಕಲಬುರಗಿ ಜಿಲ್ಲೆಯಲ್ಲಿ. ಯಾದಗಿರಿ, ಶಹಾಪುರ, ಸುರಪುರಗಳೂ 2009ರ ಕೊನೆಯವರೆಗೆ ಅದೇ ಜಿಲ್ಲೆಗೆ ಸೇರಿದ್ದವು. ಈ ಊರುಗಳ ಕನ್ನಡ ತರಗತಿಗಳಲ್ಲಿ ‘ಕವಿರಾಜಮಾರ್ಗ’ದೊಡನೆ ಈ ಲೆಕ್ಕಕ್ಕೂ ಒಂದು ಗಳಿಗೆ ಸಲ್ಲಬೇಕು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ಇರುವಾಗ ಸಂಸ್ಕೃತ ಬಾರದೆಂಬ ನೆಪವೂ ಉಳಿಯದು. ಪೂರ್ವಜರನ್ನು ಹೊಗಳುವುದು ಸುಲಭ. ಅವರ ಲೆಕ್ಕವನ್ನು ಮಾಡಿ ನೋಡುವುದು ನಿಜವಾದ ಗೌರವ. ಅದಕ್ಕೆ ಕರಿಹಲಗೆ, ಸೀಮೆಸುಣ್ಣ ಸಾಕು.