ನೆಟ್ಟಗೆ ಕೂರುವುದು ಎಂದರೆ

ಮಕ್ಕಳೇ, ನಮ್ಮ ಸೋಲೂರಿನಿಂದ ಹಾಸನದ ರಸ್ತೆ ಹಿಡಿದು ಹೊರಟರೆ ಕುಣಿಗಲ್ ಸಿಗುತ್ತದೆ. ಕುಣಿಗಲ್ ಎಂದರೆ ಮೊದಲು ಕೆರೆ, ಆಮೇಲೆ ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಿಂದಲೂ ಅಲ್ಲಿ ಕುದುರೆ ಸಾಕುತ್ತಿದ್ದರು ಎನ್ನುತ್ತಾರೆ. ಅಲ್ಲಿ ಹುಟ್ಟಿ ಬೆಳೆಯುವುದು ರೇಸಿನ ಕುದುರೆಗಳು. ರೇಸಿನ ಲೆಕ್ಕ ಸುಲಭ: ಮೊದಲು ಮುಟ್ಟಿದವರು ಗೆದ್ದರು. ಈ ವಾರ ನಾನು ಹೇಳಹೊರಟಿರುವುದು ಮೊದಲು ಮುಟ್ಟುವ ಅವಸರವೇ ಇಲ್ಲದ ಒಂದು ಕುದುರೆ ಆಟದ ವಿಷಯ. ಅದರ ಹೆಸರು ಡ್ರೆಸಾಜ್. ಫ್ರೆಂಚ್ ಭಾಷೆಯ ಮಾತು. ಪಳಗಿಸುವುದು, ತರಬೇತಿ ಕೊಡುವುದು ಎಂದು ಅರ್ಥ.

60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ. ಒಳಗೆ ಒಂದೇ ಕುದುರೆ, ಒಬ್ಬರೇ ಸವಾರರು. ಕುದುರೆ ನಡೆಯಬೇಕು, ಟ್ರಾಟ್ ಹಾಕಬೇಕು, ಕ್ಯಾಂಟರ್ ಹಾಕಬೇಕು, ಹೇಳಿದ ಜಾಗದಲ್ಲಿ ವೃತ್ತ ಸುತ್ತಬೇಕು, ಗಕ್ಕನೆ ನಿಲ್ಲಬೇಕು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಚಪ್ಪಾಳೆ ತಟ್ಟಿ ನೋಡಿ: ನಡಿಗೆಗೆ ನಾಲ್ಕು ಪೆಟ್ಟು, ಟ್ರಾಟ್‌ಗೆ ಎರಡು, ಕ್ಯಾಂಟರ್‌ಗೆ ಮೂರು. ತಾಳ ತಪ್ಪಿದರೆ ಅಂಕ ಹೋಯಿತು.

2023ರ ಸೆಪ್ಟೆಂಬರ್ 26ರಂದು ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ತಂಡ ಇದೇ ಆಟದಲ್ಲಿ ಚಿನ್ನ ಗೆದ್ದಿತು. ಸುದಿಪ್ತಿ, ದಿವ್ಯಕೃತಿ, ಹೃದಯ್, ಅನುಷ್ ಎಂಬ ನಾಲ್ವರು ಸವಾರರು. ಕುದುರೆ ಸವಾರಿಯಲ್ಲಿ ಭಾರತಕ್ಕೆ 1982ರ ನಂತರ ಬಂದ ಚಿನ್ನ ಅದು. ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಅವರ ಹೆಸರನ್ನು ನಿಮ್ಮ ಅಪ್ಪಂದಿರು ಕೇಳಿರಬಹುದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದವರು. ಅವರದು ಈವೆಂಟಿಂಗ್ ಎಂಬ ಮೂರು ಭಾಗದ ಸ್ಪರ್ಧೆ. ಅದರ ಮೊದಲ ಭಾಗವೂ ಡ್ರೆಸಾಜೇ.

ಇವರ ಸವಾರಿಯನ್ನು ಟೀವಿಯಲ್ಲಿ ನೋಡಿದರೆ, "ಇದೇನು ತಾತ, ಕುದುರೆಯೇ ಎಲ್ಲಾ ಮಾಡುತ್ತಿದೆ, ಇವರು ಸುಮ್ಮನೆ ಕೂತಿದ್ದಾರೆ" ಎಂದು ನೀವು ಕೇಳುತ್ತೀರಿ. ಹಾಗೆ ಸುಮ್ಮನೆ ಕೂರುವುದನ್ನು ಕಲಿಯುವುದಕ್ಕೇ ವರ್ಷಗಟ್ಟಲೆ ಬೇಕು.

ಕುದುರೆಯ ಮೈ ಮೇಲೆ ಒಂದು ನೊಣ ಕೂತರೆ ಅಷ್ಟು ಜಾಗದ ಚರ್ಮವನ್ನು ಮಾತ್ರ ಅದುರಿಸಿ ಓಡಿಸುತ್ತದೆ. ನೊಣದ ಭಾರ ತಿಳಿಯುವ ಪ್ರಾಣಿಗೆ ಐವತ್ತು ಅರವತ್ತು ಕಿಲೋ ತೂಗುವ ಮನುಷ್ಯ ಬಲಕ್ಕೆ ವಾಲಿದ್ದು ತಿಳಿಯದೇ ಇರುತ್ತದೆಯೇ? ಸವಾರ ವಾಲಿದ ಕಡೆಗೆ ಅದೂ ವಾಲುತ್ತದೆ. ಸವಾರ ಹೆದರಿ ಉಸಿರು ಬಿಗಿಹಿಡಿದರೆ ಅದರ ಬೆನ್ನೂ ಬಿಗಿಯುತ್ತದೆ. ಇನ್ನು ಬೀಳುವ ಭಯಕ್ಕೆ ಸವಾರ ಲಗಾಮು ಜಗ್ಗಿ ಹಿಡಿದರೆ, ಲಗಾಮಿನ ಇನ್ನೊಂದು ತುದಿ ಇರುವುದು ಕಡಿವಾಣದಲ್ಲಿ, ಕಡಿವಾಣ ಇರುವುದು ಕುದುರೆಯ ಬಾಯಲ್ಲಿ. ನಮ್ಮ ಬ್ಯಾಲೆನ್ಸ್ ತಪ್ಪಿದ್ದಕ್ಕೆ ಬಾಯಿಲ್ಲದ ಪ್ರಾಣಿಯ ಬಾಯಿ ನೋಯುತ್ತದೆ. ಆದ್ದರಿಂದ ಒಳ್ಳೆಯ ಗುರುಗಳು ಮೊದಲ ದಿನವೇ ಲಗಾಮು ಕೈಗೆ ಕೊಡುವುದಿಲ್ಲ.

ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಎಂಬ ಕೆಲವು ಶತಮಾನಗಳ ಹಳೆಯ ಶಾಲೆಯಿದೆ. ಅಲ್ಲಿ ಗುರು ನಡುವೆ ನಿಂತು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ಸುತ್ತಲೂ ಓಡಿಸುತ್ತಾರೆ. ಮೇಲೆ ಕೂತ ಹೊಸ ವಿದ್ಯಾರ್ಥಿಗೆ ಲಗಾಮೂ ಇಲ್ಲ, ಕಾಲಿಡಲು ರಿಕಾಪೂ ಇಲ್ಲ. ತಿಂಗಳುಗಟ್ಟಲೆ ಇದೇ ಪಾಠ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದಾಗಲೇ ತನ್ನ ಭಾರ ಎಲ್ಲಿದೆ ಎಂಬುದು ಹುಡುಗನಿಗೆ ತಿಳಿಯುವುದು. ನಮ್ಮ ಕಡೆಯ ಪೂಜಾ ಕುಣಿತ ನೋಡಿದ್ದೀರಲ್ಲ? ತಲೆಯ ಮೇಲೆ ಬಿದಿರಿನ ದೊಡ್ಡ ಚೌಕಟ್ಟು, ಅದಕ್ಕೆ ಸೀರೆಗಳು, ದೇವಿಯ ಮುಖ. ತಮಟೆ ಬಡಿದಂತೆ ಕೈ ಬಿಟ್ಟು ಕುಣಿಯುವವರನ್ನು ಗಮನಿಸಿ. ಪಾದ ಎಷ್ಟೇ ಆಡಲಿ, ನಡು ಹದ ತಪ್ಪುವುದಿಲ್ಲ. ಸವಾರರಿಗೆ ಬೇಕಾದದ್ದೂ ಅದೇ ನಡು.

ಹಾಗಾದರೆ "ನೆಟ್ಟಗೆ ಕೂತ್ಕೋ" ಎಂದು ಗದರಿದರೆ ಸಾಲದೇ? ಸಾಲದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಲೆಡ್ಜರಿನ ಮೇಲೆ ಬಗ್ಗಿ ಕೂತವನು ನಾನು. ನಿವೃತ್ತಿಯಾದ ಮೇಲೆ ಒಂದು ದಿನ ಶರ್ಟಿಗೆ ಅಳತೆ ತೆಗೆಯುತ್ತಾ ಟೈಲರ್ ಹೇಳಿದರು, "ಸಾರ್, ನಿಮ್ಮ ಎಡಭುಜ ಇಳಿದಿದೆ." ಕನ್ನಡಿಯ ಮುಂದೆ ಅವರೇ ಸರಿಮಾಡಿ ನಿಲ್ಲಿಸಿದರು. ಕನ್ನಡಿಯಲ್ಲಿ ನೆಟ್ಟಗೇ ಕಾಣುತ್ತಿದ್ದೆ. ಮೈಗೆ ಮಾತ್ರ ಎಡಭುಜ ಕಿವಿಗೆ ತಾಗುವಷ್ಟು ಎತ್ತಿದಂತೆ ಅನಿಸುತ್ತಿತ್ತು. ಸೊಟ್ಟಗೆ ಕೂತು ರೂಢಿಯಾದವರಿಗೆ ನೇರವೇ ಸೊಟ್ಟ ಅನಿಸುತ್ತದೆ. ಸವಾರರಿಗೂ ಹೀಗೇ. ಅವರಿಗೆ ಬೇಕಾದದ್ದು ಬೈಗುಳವಲ್ಲ, ತಮ್ಮ ಮೈಯ ಅರಿವು. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ಮ್ಯಾನೇಜರ್ ಕೂಗಾಡಿದ ಮಾತ್ರಕ್ಕೆ ವ್ಯತ್ಯಾಸ ಸಿಗುವುದಿಲ್ಲ. ಒಂದೊಂದೇ ಎಂಟ್ರಿಗೆ ಟಿಕ್ ಹಾಕುತ್ತಾ ಬರಬೇಕು.

ಹೀಗೆ ಟಿಕ್ ಹಾಕುವುದನ್ನು ಸವಾರರಿಗೆ ಕಲಿಸಿದವರಲ್ಲಿ ಅಮೆರಿಕದ ಸ್ಯಾಲಿ ಸ್ವಿಫ್ಟ್ ಎಂಬುವರು ಬಹಳ ಹೆಸರಾದವರು. ಚಿಕ್ಕಂದಿನಲ್ಲೇ ಅವರ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು. ಸ್ವಂತ ಮೈಯನ್ನು ಸರಿದೂಗಿಸಿಕೊಳ್ಳುತ್ತಲೇ ಅವರು ಕಲಿತರು. ಡೇರಿಗೆ ಹಾಲು ಹಾಕುವವರಿಗೆಲ್ಲ ಎಚ್ಚೆಫ್ ಹಸು ಗೊತ್ತಲ್ಲ, ಎಚ್ ಎಂದರೆ ಹೋಲ್‌ಸ್ಟೈನ್. ಆ ತಳಿಯ ಸಂಘದ ಕಚೇರಿಯಲ್ಲಿ ಸ್ಯಾಲಿಯವರಿಗೆ ಕೆಲಸ. 1975ರಲ್ಲಿ, 62ನೇ ವಯಸ್ಸಿನಲ್ಲಿ ನಿವೃತ್ತರಾದರು. ಅಲ್ಲಿಂದಾಚೆಗೆ ಸವಾರಿ ಪಾಠವೇ ಅವರ ಕೆಲಸವಾಯಿತು. ಅವರ ಪುಸ್ತಕ ಅಚ್ಚಾದದ್ದು 1985ರಲ್ಲಿ, ಅವರಿಗೆ 72 ತುಂಬುವ ಹೊತ್ತಿಗೆ. 95 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು. ಪಿಂಚಣಿ ಬಂದ ಮೇಲೆ ಇನ್ನೇನಿದೆ ಎನ್ನುವ ನನ್ನ ಓರಗೆಯವರು ಈ ಸಾಲುಗಳನ್ನು ಇನ್ನೊಮ್ಮೆ ಓದಿಕೊಳ್ಳಿ.

ಸ್ಯಾಲಿಯವರ ಪಾಠದ ಮುಖ್ಯ ಅಂಶ ನಾಲ್ಕು. ಕಣ್ಣು ಒಂದೇ ಕಡೆ ಚುಚ್ಚಿ ನೋಡದೆ ಸುತ್ತಲಿನದನ್ನೂ ಕಾಣಬೇಕು. ಉಸಿರು ಹೊಟ್ಟೆಯವರೆಗೂ ಇಳಿಯಬೇಕು. ಹೊಕ್ಕುಳಿನ ಕೆಳಗೆ ಮೈಯೊಳಗಿನ ನಡುಭಾಗದಲ್ಲಿ ಗಮನ ನಿಲ್ಲಬೇಕು. ಪಾದ, ಸೊಂಟ, ಭುಜ, ತಲೆ, ಇವು ಇಟ್ಟಿಗೆ ಜೋಡಿಸಿದಂತೆ ಒಂದರ ಮೇಲೊಂದು ಕೂರಬೇಕು. ಕೈಯ ವಿಷಯಕ್ಕೆ ನಾನು ನಮ್ಮ ರಾಮನಗರದ ಸೀಮೆಯ ಉದಾಹರಣೆಯನ್ನೇ ಕೊಡುತ್ತೇನೆ. ಹಣ್ಣಾದ ರೇಷ್ಮೆಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವವರ ಬೆರಳು ಹೇಗಿರುತ್ತವೆ? ಹುಳು ಜಾರುವುದಿಲ್ಲ, ಜಜ್ಜಿಯೂ ಹೋಗುವುದಿಲ್ಲ. ಲಗಾಮು ಹಿಡಿಯುವುದು ಹಾಗೆ.

ಕುದುರೆ ಇಲ್ಲದೆಯೂ ಮೊದಲ ಪಾಠ ಮಾಡಬಹುದು. ಗಟ್ಟಿಯಾದ ಒಂದು ಸ್ಟೂಲಿನ ಮೇಲೆ ಕೂರಿ. ಎರಡೂ ಅಂಗೈಗಳನ್ನು ಮೇಲ್ಮುಖವಾಗಿಟ್ಟು ಅವುಗಳ ಮೇಲೆ ಕೂತರೆ ಎರಡು ಗಟ್ಟಿ ಮೂಳೆ ತಗಲುತ್ತವೆ. ಕೂರುವಾಗ ನಮ್ಮ ಭಾರ ಹೊರುವುದು ಆ ಎರಡೇ. ಈಗ ಬೆನ್ನು ಗೂನು ಮಾಡಿ, ಮೂಳೆ ಎತ್ತ ಉರುಳಿತು? ನಡುವನ್ನು ಮುಂದಕ್ಕೆ ಬಗ್ಗಿಸಿ, ಈಗ ಎತ್ತ? ಎರಡಕ್ಕೂ ನಡುವೆ, ಮೂಳೆಗಳು ನೇರ ಕೆಳಗೆ ಊರುವ ಒಂದು ಜಾಗ ಸಿಗುತ್ತದೆ. ಈಗ ಕೈ ತೆಗೆದು ಕಣ್ಣು ಮುಚ್ಚಿ: ಬಲಕ್ಕೆ ಭಾರ ಹೆಚ್ಚೋ, ಎಡಕ್ಕೋ? ಸಮ ಎಂದು ನಿಮಗೆ ಅನಿಸಿದಾಗ ಎದುರು ಕೂತವರನ್ನು ಕೇಳಿ. ಅವರ ಕಣ್ಣಿಗೂ ಸಮ ಕಂಡರೆ ಲೆಕ್ಕ ಟ್ಯಾಲಿ.

ತಾತ ಅಜ್ಜಿಯಂದಿರೂ ಇದನ್ನು ಮಾಡಬಹುದು. ಸ್ಟೂಲನ್ನು ಗೋಡೆಗೆ ಒತ್ತಿಡಿ, ಪಕ್ಕದಲ್ಲಿ ಒಬ್ಬರು ಇರಲಿ, ಸೊಂಟ ನೋವಿದ್ದರೆ ಡಾಕ್ಟರನ್ನು ಕೇಳಿ. ನಮ್ಮ ವಯಸ್ಸಿನಲ್ಲಿ ಬಚ್ಚಲುಮನೆಯ ಒಂದು ಜಾರಿಕೆ ಮನುಷ್ಯನನ್ನು ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಮೈಯ ಭಾರ ಎತ್ತ ವಾಲುತ್ತಿದೆ ಎಂಬ ಎಚ್ಚರ ಸವಾರರಿಗಿಂತ ನಮಗೇ ಹೆಚ್ಚು ಬೇಕು.

ಮೊಮ್ಮಗು ಫೋನಿನ ಮೇಲೆ ಗೂನಾಗಿ ಕೂತಿದ್ದರೆ ಇನ್ನು ಮೇಲೆ ಗದರಬೇಡಿ. "ಮೂಳೆ ಎರಡೂ ಎಲ್ಲಿವೆ ಮಗಾ?" ಎಂದು ಕೇಳಿ. ಮಗು ಹುಡುಕಿಕೊಳ್ಳಲು ಅಲುಗಾಡುತ್ತದೆ, ಬೆನ್ನು ತಾನೇ ಎದ್ದು ನಿಲ್ಲುತ್ತದೆ. ಮಕ್ಕಳೇ, ನಿಮ್ಮ ತಾತನಿಗೂ ಅದೇ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.