ಹೋರಿಯ ಹಲ್ಲು ಎಣಿಸುವ ನಾವು ಕಂಪ್ಯೂಟರಿನ ಹಲ್ಲು ಯಾಕೆ ಎಣಿಸಬಾರದು?

ನಮ್ಮ ಹಾವೇರಿ ಸೀಮೆಯಲ್ಲಿ ದನದ ಸಂತೆಗೆ ಹೋದವರು ಹೋರಿಯ ಕೊಂಬಿಗೆ ಕಟ್ಟಿದ ರಿಬ್ಬನ್ ನೋಡಿ ದುಡ್ಡು ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಮೇಲೆ ವ್ಯಾಪಾರದ ಮಾತು.

ಅದೇ ಮನುಷ್ಯ ತಾಲೂಕಿನ ಕಂಪ್ಯೂಟರ್ ಅಂಗಡಿಗೆ ಹೋದಾಗ ಕೈಕಟ್ಟಿ ನಿಲ್ಲುತ್ತಾನೆ. ಅಂಗಡಿಯವರು ‘ಐ7, ಗೇಮಿಂಗ್ ಪಿಸಿ’ ಅನ್ನುತ್ತಾರೆ. ಡಬ್ಬಿಯೊಳಗೆ ಕೆಂಪು, ನೀಲಿ, ಹಸಿರು ಲೈಟು ಮಿನುಗುತ್ತವೆ. ನಾವು ರಿಬ್ಬನ್ ನೋಡಿ ದುಡ್ಡು ಕೊಟ್ಟು ಬರುತ್ತೇವೆ.

ಇದು ಯಾರದೋ ಕಥೆಯಲ್ಲ, ನಮ್ಮ ಮನೆಯದೇ. ನಮ್ಮ ಚಿಕ್ಕಪ್ಪ ಹೋದ ಸುಗ್ಗಿಯಲ್ಲಿ ಗೋವಿನಜೋಳ ಮಾರಿದ ದುಡ್ಡಿನಲ್ಲಿ 19 ಸಾವಿರ ರೂಪಾಯಿ ಎತ್ತಿಟ್ಟು ಮಗನಿಗೆ ಕಂಪ್ಯೂಟರ್ ಕೊಡಿಸಿದರು. ಹುಡುಗ ಬಿಸಿಎ ಮೊದಲ ವರ್ಷ. ಓದಿಗೂ ಬೇಕು, ಗೆಳೆಯರ ಜೊತೆ ವ್ಯಾಲೊರಂಟ್, ಜಿಟಿಎ 5 ಆಡಲಿಕ್ಕೂ ಬೇಕು ಅಂತ ಅಂಗಡಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದ. ಬಂದದ್ದು ದಪ್ಪ ಡಿಕ್ಷನರಿ ಎರಡು ಜೋಡಿಸಿಟ್ಟಷ್ಟು ಪುಟ್ಟ ಡಬ್ಬಿ. ಚೀಟಿಯಲ್ಲಿ ಬರೆದದ್ದು: ಐ7, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್, ವಿಂಡೋಸ್ 11. ಬಿಲ್ ಅಲ್ಲ, ಬರೀ ‘ಎಸ್ಟಿಮೇಟ್’ ಚೀಟಿ.

ಮನೆಗೆ ಬಂದ ಮೇಲೆ ಜಿಟಿಎ 5 ತೆವಳಿತು. ವ್ಯಾಲೊರಂಟ್ ಅಂತೂ ತೆರೆಯಲೇ ಇಲ್ಲ, ‘ವ್ಯಾನ್ 9001’ ಅಂತ ಒಂದು ಎರರ್ ತೋರಿಸಿ ನಿಂತಿತು. ಅಂಗಡಿಗೆ ಫೋನ್ ಮಾಡಿದರೆ ಉತ್ತರ ಒಂದೇ: “ನಿಮ್ಮ ಹಳ್ಳಿ ಕರೆಂಟ್ ವೋಲ್ಟೇಜ್ ಸರಿ ಇಲ್ರೀ.”

ನಾನು ಹೋಗಿ ಡಬ್ಬಿ ಬಿಚ್ಚಿದೆ. ವೋಲ್ಟೇಜಿನ ತಪ್ಪು ಒಂದೂ ಇರಲಿಲ್ಲ.

ಹಲ್ಲು ಎಲ್ಲಿದೆ?

ಒಳಗಿದ್ದ ಪ್ರೊಸೆಸರ್ ಐ7-3770. ಐ7 ಅನ್ನುವುದು ಸುಳ್ಳಲ್ಲ. ಆದರೆ ಅದು ಇಂಟೆಲ್ ಕಂಪನಿ 2012ರಲ್ಲಿ ಬಿಡುಗಡೆ ಮಾಡಿದ ಐ7. ಹಲ್ಲು ಇರುವುದು ಐ7ರಲ್ಲಿ ಅಲ್ಲ, ಅದರ ಮುಂದಿನ ಅಂಕಿಯಲ್ಲಿ. ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿಯೇ ತಲೆಮಾರು. 3770 ಅಂದರೆ ಮೂರನೇ ತಲೆಮಾರು, 8500 ಅಂದರೆ ಎಂಟನೇದು. ಐದು ಅಂಕಿ ಇದ್ದರೆ ಮೊದಲೆರಡು ಅಂಕಿ ನೋಡಿ. 12100 ಅಂದರೆ ಹನ್ನೆರಡನೇ ತಲೆಮಾರು. 2022ರಲ್ಲಿ ಬಂದ ಐ3-12100 ಅನ್ನುವ ‘ಸಣ್ಣ’ ಪ್ರೊಸೆಸರ್ ಈ ಹಳೆಯ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಹಾಗಾಗಿ ‘ಐ7 ಐತಿ’ ಅನ್ನುವ ಮಾತಿಗೆ ಅರ್ಧ ಅರ್ಥವೂ ಇಲ್ಲ. ಹೋರಿ ಐತಿ ಅಂದಂಗೆ ಅಷ್ಟೇ. ವಯಸ್ಸೆಷ್ಟು?

ಗ್ರಾಫಿಕ್ಸ್ ಕಾರ್ಡಿನ ಕಥೆ ಇನ್ನೂ ಚೆಂದ. ‘4 ಜಿಬಿ ಗ್ರಾಫಿಕ್ಸ್’ ಅಂದದ್ದು ಜಿಟಿ 730, 2014ರ ಕಾರ್ಡು, ಅದೂ ಡಿಡಿಆರ್3 ಮೆಮೊರಿಯದು. ರೈತರಿಗೆ ಇದನ್ನು ಹೇಳುವುದು ಸುಲಭ. ಹತ್ತು ಸಾವಿರ ಲೀಟರಿನ ಟ್ಯಾಂಕು ಕಟ್ಟಿಸಿ ಅದಕ್ಕೆ ಅರ್ಧ ಇಂಚಿನ ಪೈಪು ಕೂರಿಸಿದರೆ ಹೊಲಕ್ಕೆ ನೀರು ಎಷ್ಟು ಹೋದೀತು? 4 ಜಿಬಿ ಅನ್ನುವುದು ಟ್ಯಾಂಕು. ಆ ಕಾರ್ಡಿನ ಪೈಪಿನಲ್ಲಿ ಸೆಕೆಂಡಿಗೆ ಹರಿಯುವುದು ಸುಮಾರು 14 ಜಿಬಿ. ಅದೇ 4 ಜಿಬಿ ಟ್ಯಾಂಕು ಇರುವ ಜಿಟಿಎಕ್ಸ್ 1650 ಕಾರ್ಡಿನಲ್ಲಿ ಹರಿಯುವುದು 128 ಜಿಬಿ. ಎರಡನ್ನೂ ‘4 ಜಿಬಿ ಗ್ರಾಫಿಕ್ಸ್’ ಅಂತಲೇ ಮಾರಬಹುದು. ಜಿಟಿ 730ಕ್ಕೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2021ರಲ್ಲೇ ನಿಲ್ಲಿಸಿದೆ.

ಇನ್ನು ವ್ಯಾಲೊರಂಟ್. ವಿಂಡೋಸ್ 11ರಲ್ಲಿ ಆ ಆಟ ನಡೆಯಬೇಕಾದರೆ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಮತ್ತು ಸೆಕ್ಯೂರ್ ಬೂಟ್ ಎರಡೂ ಬೇಕು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಯ ಪ್ರೊಸೆಸರುಗಳಿಗೆ ಮಾತ್ರ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅಂಗಡಿಯವರು ಆ ತಪಾಸಣೆ ದಾಟಿಸಿ, ‘ಹೊಸದು’ ಅಂತ ಕಾಣಲಿ ಅನ್ನುವ ಒಂದೇ ಕಾರಣಕ್ಕೆ ಮುದಿ ಡಬ್ಬಿಗೆ ಹೊಸ ವಿಂಡೋಸ್ ತೊಡಿಸಿದ್ದರು. ಹುಡುಗ ಬಾಯಿಬಿಟ್ಟು ಕೇಳಿದ ಆಟವೇ ಆ ಕಾರಣಕ್ಕೆ ತೆರೆಯಲಿಲ್ಲ. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿ ಸಂತೆಗೆ ತಂದರೆ ಅದಕ್ಕೆ ಸಂತೆಯಲ್ಲಿ ಏನನ್ನುತ್ತಾರೋ, ಇದಕ್ಕೂ ಅದೇ ಹೆಸರು.

ನನ್ನ ಜಗಳ ಡಬ್ಬಿಯ ಜೊತೆ ಅಲ್ಲ

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಈ ಪುಟ್ಟ ಡಬ್ಬಿಗಳು ಕೆಟ್ಟವಲ್ಲ. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಆಫೀಸ್ ಕಂಪ್ಯೂಟರುಗಳು ಇವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಕೈಬದಲಾಗಿ ನಮ್ಮ ತಾಲೂಕುಗಳಿಗೆ ಬರುತ್ತವೆ. ಗಟ್ಟಿಯಾಗಿ ಕಟ್ಟಿದ ಮಾಲು. ಕರೆಂಟ್ ಕಡಿಮೆ ತಿನ್ನುತ್ತವೆ. ಪ್ರೊಸೆಸರ್ ಹೆಸರಿನ ಕೊನೆಗೆ ‘ಟಿ’ ಅಕ್ಷರ ಇರುವ ತೀರಾ ಪುಟ್ಟವು 35 ವ್ಯಾಟ್ ಲೆಕ್ಕದವು, ಮನೆಯ ಇನ್ವರ್ಟರ್ ಮೇಲೆಯೂ ಆರಾಮಾಗಿ ನಡೆಯುತ್ತವೆ. ಓದಿಗೆ, ಟೈಪಿಂಗಿಗೆ, ಪ್ರೋಗ್ರಾಮಿಂಗ್ ಕಲಿಯಲಿಕ್ಕೆ, ಗ್ರಾಮ ಪಂಚಾಯಿತಿ ಕೆಲಸಕ್ಕೆ ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ 1.6, ಮೈನ್‌ಕ್ರಾಫ್ಟ್‌ನಂಥ ಹಗುರ ಆಟಗಳನ್ನೂ ಆಡಿಸುತ್ತವೆ.

ನನ್ನ ಜಗಳ ಇರುವುದು ಅದರ ಮೇಲೆ ಅಂಟಿಸಿದ ‘ಗೇಮಿಂಗ್’ ಅನ್ನುವ ಪದದ ಜೊತೆ. ಆ ಪದ ಬಿಟ್ಟು ‘ಹಳೆಯ ಆಫೀಸ್ ಕಂಪ್ಯೂಟರ್’ ಅಂತ ಮಾರಿದರೆ ಅದೇ ಡಬ್ಬಿಗೆ ಅಷ್ಟು ರೇಟು ಹುಟ್ಟುವುದಿಲ್ಲ. ಹೆಚ್ಚಿಗೆ ಕೊಟ್ಟ ದುಡ್ಡು ಮಿನುಗುವ ಲೈಟಿಗೆ, ನಿಧಾನದ ಕಾರ್ಡಿಗೆ ಮತ್ತು ಒಂದು ಸುಳ್ಳಿಗೆ.

“ಅಷ್ಟು ರೊಕ್ಕಕ್ಕ ಇನ್ನೇನ್ ಬರತೈತ್ರಿ?” ಅಂತ ಅಂಗಡಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾದರೆ ಅದನ್ನೇ ಹೇಳಿರಿ! “ತಮ್ಮಾ, ಈ ರೊಕ್ಕಕ್ಕ ನೀ ಕೇಳಿದ ಆಟ ಚಲೋ ನಡಿಯಂಗಿಲ್ಲ. ಓದಾಕ ಇದು ಸಾಕು, ಆಟಕ್ಕ ಇನ್ನೊಂದಿಷ್ಟು ಕೂಡಿಸು” ಅಂತ ಹೇಳಲಿಕ್ಕೆ ಎಷ್ಟು ಖರ್ಚಾಗುತ್ತದೆ? ಬೀಜದ ಅಂಗಡಿಯವರು ಹಳೆಯ ಬೀಜದ ಚೀಲಕ್ಕೆ ಹೊಸ ಲೇಬಲ್ ಹಚ್ಚಿ ಕೊಟ್ಟರೆ ನಾವು ಅಂಗಡಿ ಮುಂದೆ ಗುಂಪು ಕಟ್ಟುತ್ತೇವೆ. ಕಂಪ್ಯೂಟರಿಗೆ ಮಾತ್ರ ಯಾಕೆ ತಲೆ ತಗ್ಗಿಸಿ ಬರುತ್ತೇವೆ?

ಹುಡುಗನನ್ನು ಬೈಯುವುದು ನಿಲ್ಲಿಸಿ

ತಲೆ ತಗ್ಗಿಸುವುದಕ್ಕೆ ಕಾರಣ ನಮ್ಮ ಮನೆಯೊಳಗೇ ಇದೆ. ಮೋಸ ಗೊತ್ತಾದ ದಿನ ಚಿಕ್ಕಪ್ಪ ಅಂಗಡಿಯವರಿಗೆ ಒಂದು ಮಾತೂ ಅನ್ನಲಿಲ್ಲ. ಮಗನಿಗೆ ಅಂದರು: “ಆಟ ಆಡಾಕ ಹೋದ್ರ ಹಿಂಗ ಆಗೋದು.” ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅಂಗಡಿಯವರಿಗೆ ಬೇಕಾದದ್ದು ಇದೇ. ‘ಗೇಮಿಂಗಿಗೆ ತಗೊಂಡೆ, ಮೋಸ ಹೋದೆ’ ಅಂತ ಯಾರ ಹತ್ತಿರವೂ ಹೇಳಿಕೊಳ್ಳಲಿಕ್ಕೆ ನಾಚಿಕೆ. ಆ ನಾಚಿಕೆಯೇ ಈ ವ್ಯಾಪಾರದ ಬಂಡವಾಳ.

ಹಿರಿಯರೇ, ದುಡ್ಡು ಕಟ್ಟಿ ಆಡುವ ರಮ್ಮಿ ಬೇರೆ, ಇದು ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ಕೂಡ ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಗುರುತಿಸಿದೆ. ದಿನವಿಡೀ ಆಡಿದರೆ ಬೈಯಿರಿ, ನಾನೂ ಬೈಯುತ್ತೇನೆ. ಆದರೆ ಆಡಬೇಕು ಅನ್ನುವ ಆಸೆ ಇದ್ದವನಿಗೆ ಮೋಸ ಮಾಡಬಹುದು ಅನ್ನುವ ಲೈಸೆನ್ಸ್ ಯಾರಿಗೂ ಕೊಡಬೇಡಿ. ಕಬಡ್ಡಿ ಆಡುವ ಹುಡುಗನಿಗೆ ಹರಿದ ಶೂ ಹೊಸದೆಂದು ಮಾರಿದರೆ ‘ಕಬಡ್ಡಿ ಯಾಕೆ ಆಡಿದೆ’ ಅಂತ ಕೇಳುತ್ತೇವೆಯೇ?

ತಪ್ಪು ನಮ್ಮದೂ ಇದೆ. ನಾವು ಪತ್ರಿಕೋದ್ಯಮ ಓದಿದವರು. ಹೊಸ ಮೊಬೈಲ್ ಬಂತು, ಹೊಸ ಕಾರ್ಡ್ ಬಂತು ಅಂತ ಕಂಪನಿಯ ಪ್ರಕಟಣೆಯನ್ನೇ ಕನ್ನಡ ಮಾಡಿ ಹಾಕಿದ್ದೇವೆ. ಲಕ್ಷ ರೂಪಾಯಿಯ ಕಂಪ್ಯೂಟರ್ ವಿಮರ್ಶೆ ಸಿಗುತ್ತದೆ. ನಮ್ಮೂರಿನ ಹುಡುಗ ನಿಜವಾಗಿ ಕೊಳ್ಳುವ 15-20 ಸಾವಿರದ ಹಳೆ ಡಬ್ಬಿಯ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಂಗಡಿಯಲ್ಲೇ ಮಾಡಬೇಕಾದ ಐದು ಪರೀಕ್ಷೆ

ಒಂದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ ಒಳಗೆ ಹೋದರೆ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ಹೆಸರೂ, ರ್‍ಯಾಮ್ ಎಷ್ಟಿದೆ ಅನ್ನುವುದೂ ಕಾಣುತ್ತದೆ. ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಪ್ರೊಸೆಸರ್ ಎಂಟನೇ ತಲೆಮಾರಿಗಿಂತ ಹಳೆಯದಾದರೆ ‘ಗೇಮಿಂಗ್’ ಅನ್ನುವ ಮಾತು ಅಲ್ಲಿಗೇ ಮುಗಿಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನುವುದೂ ನೆನಪಿರಲಿ.

ಎರಡು, ಗ್ರಾಫಿಕ್ಸ್ ಕಾರ್ಡಿನ ಜಿಬಿ ಕೇಳಬೇಡಿ, ಹೆಸರು ಕೇಳಿ. ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವವರೂ ಇದ್ದಾರೆ. ಜಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಇಂಥ ನಕಲಿಗಳನ್ನು ಹಿಡಿಯುತ್ತದೆ. ಅದನ್ನು ಹಾಕಿ ತೋರಿಸಿ ಅನ್ನಿ.

ಮೂರು, ಡಬ್ಬಿ ಬಿಚ್ಚಿಸಿ. ಕೈಯಗಲದ ಮಿನಿ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿಗೆ ಜಾಗವೇ ಇರುವುದಿಲ್ಲ. ಅದಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿಯಲ್ಲಿ ಗಿಡ್ಡ ಕಾರ್ಡು ಮಾತ್ರ ಹಿಡಿಸುತ್ತದೆ, ಅದೂ ಸ್ಲಾಟಿನಿಂದಲೇ 75 ವ್ಯಾಟ್‌ ಒಳಗೆ ಕರೆಂಟ್ ತೆಗೆದುಕೊಳ್ಳುವಂಥದ್ದು. ‘ಮುಂದೆ ದೊಡ್ಡ ಕಾರ್ಡ್ ಹಾಕಿದ್ರಾಯ್ತು’ ಅನ್ನುವ ಮಾತು ನಂಬಬೇಡಿ. ಪವರ್ ಸಪ್ಲೈ ಆಕಾರವೇ ಬೇರೆ ಇರುತ್ತದೆ, ಬದಲಿಸುವುದು ಸುಲಭವಲ್ಲ.

ನಾಲ್ಕು, ಕಾರ್ಡ್ ಇಲ್ಲದ ಡಬ್ಬಿ ಆದರೆ ರ್‍ಯಾಮ್ ಎಷ್ಟು ಪಟ್ಟಿ ಇದೆ ನೋಡಿ. ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದು ರ್‍ಯಾಮಿನ ನೀರಿನಲ್ಲೇ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಆಟಕ್ಕೆ ಮೇಲು, ಪೈಪು ಎರಡಾಗುತ್ತವೆ.

ಐದು, ನಿಮಗೆ ಬೇಕಾದ ಆಟವನ್ನೇ ಅಲ್ಲೇ ಅರ್ಧ ಗಂಟೆ ಆಡಿ. ಐದು ನಿಮಿಷ ಸಾಲದು. ಪುಟ್ಟ ಡಬ್ಬಿ ಬಿಸಿಯಾದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂಗಡಿಯ ಎಸಿಯಲ್ಲೇ ಏದುಸಿರು ಬಿಟ್ಟರೆ ಏಪ್ರಿಲ್ ತಿಂಗಳ ನಮ್ಮ ತಗಡಿನ ಮನೆಯಲ್ಲಿ ಏನಾದೀತು? ಹೋರಿಯನ್ನು ನಡೆಸಿ ನೋಡದೆ ಹಗ್ಗ ಹಿಡಿಯಬೇಡಿ.

ಕೊನೆಗೆ ಬಿಲ್. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಹಳೆಯದನ್ನು ಹೊಸದೆಂದು ಮಾರುವುದೂ, ಇಲ್ಲದ ಗುಣಮಟ್ಟ ಇದೆ ಅನ್ನುವುದೂ ಅದೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ಬಿಲ್ಲಿನ ಮೇಲೆ ‘ಗೇಮಿಂಗ್ ಪಿಸಿ’ ಅಂತ ಅಲ್ಲ, ಪ್ರೊಸೆಸರ್ ಮತ್ತು ಕಾರ್ಡಿನ ಪೂರ್ತಿ ಹೆಸರು ಬರೆಸಿಕೊಳ್ಳಿ. ಬರೆಯಲಿಕ್ಕೆ ಹಿಂಜರಿದರೆ ಅಲ್ಲೇ ಉತ್ತರ ಸಿಕ್ಕಿತು.

ನಮ್ಮ ಹುಡುಗನ ಕಥೆ ಏನಾಯಿತು? ಫೋಟೋ ಹಿಡಿದು ನಾವಿಬ್ಬರೂ ಮತ್ತೆ ಅಂಗಡಿಗೆ ಹೋದೆವು. ಒಂದು ಗಂಟೆ ಮಾತಾಯಿತು. ಡಬ್ಬಿ ವಾಪಸ್ ತಗೊಳ್ಳಲಿಲ್ಲ. 1915ರ ಹೆಸರೆತ್ತಿದ ಮೇಲೆ ಕಾರ್ಡ್ ಬಿಚ್ಚಿಕೊಂಡು 3,500 ರೂಪಾಯಿ ಕೊಟ್ಟು, ಬಿಲ್ ಬರೆದರು. ಪೂರ್ತಿ ನ್ಯಾಯವಲ್ಲ. ಹುಡುಗ ಈಗ ಅದೇ ಡಬ್ಬಿಗೆ ಲಿನಕ್ಸ್ ಹಾಕಿಕೊಂಡು ಪೈಥಾನ್ ಕಲಿಯುತ್ತಿದ್ದಾನೆ, ರಾತ್ರಿ ಮೈನ್‌ಕ್ರಾಫ್ಟ್ ಆಡುತ್ತಾನೆ. ವ್ಯಾಲೊರಂಟ್ ಇವತ್ತಿಗೂ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಒಂದು ಮಾತು ಕೇಳಿದ: “ಅಣ್ಣಾ, ಇದನ್ನ ಮೊದಲ ಯಾರರ ಕನ್ನಡದಾಗ ಹೇಳಿದ್ರ?”

ಅದಕ್ಕೇ ಇದನ್ನು ಬರೆದೆ. ನಿಮ್ಮೂರಿನ ಯಾರ ಮನೆಯಲ್ಲಾದರೂ ಈ ಸುಗ್ಗಿಗೆ ಕಂಪ್ಯೂಟರ್ ತರುವ ಮಾತು ನಡೆದಿದ್ದರೆ, ಅವರು ಬಸ್ ಹತ್ತುವ ಮೊದಲು ಇದನ್ನು ಅವರ ಫೋನಿಗೆ ಕಳಿಸಿ.