ಆತ್ಮಸಾಕ್ಷಿ ಮೊದಲು, ಮಠ ಆಮೇಲೆ



ಲಿಂಗಾಯತ ಧರ್ಮಕ್ಕೆ ಮಾನ್ಯತೆ ಕೊಡಿ ಎಂದು ನಾವು ಸರ್ಕಾರವನ್ನು ಕೇಳುತ್ತಿದ್ದೇವೆ. ಕೇಳಲೇಬೇಕು. 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ಶಿಫಾರಸನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು, ಕೇಂದ್ರ ಒಪ್ಪಲಿಲ್ಲ. ಹೋರಾಟ ನಿಲ್ಲಬಾರದು. ಆದರೆ ಅಲ್ಪಸಂಖ್ಯಾತ ಮಾನ್ಯತೆ ಬೇರೆ, ಧರ್ಮ ಸ್ವಾತಂತ್ರ್ಯ ಬೇರೆ. ಮೊದಲನೆಯದನ್ನು ಸರ್ಕಾರ ಕೊಡಬೇಕು. ಎರಡನೆಯದು 1950ರ ಜನವರಿ 26ರಿಂದಲೇ ಪ್ರತಿಯೊಬ್ಬರಿಗೂ ಇದೆ. ಅದನ್ನು ನಮ್ಮವರಿಗೆ ನಾವು ಬಿಟ್ಟುಕೊಟ್ಟಿದ್ದೇವೆಯೇ?

ಸಂವಿಧಾನದ 25ನೇ ವಿಧಿ ಮೊದಲು ಹೇಳುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಅದರ ಬೆನ್ನಿಗೆ ಬರುತ್ತದೆ. ಅದು ವ್ಯಕ್ತಿಯ ಹಕ್ಕು. ಪಂಥಗಳು ಸಂಸ್ಥೆ ಕಟ್ಟುವ, ತಮ್ಮ ಧಾರ್ಮಿಕ ವಿಷಯ ನೋಡಿಕೊಳ್ಳುವ ಹಕ್ಕು ಬರುವುದು 26ನೇ ವಿಧಿಯಲ್ಲಿ. ಮನುಷ್ಯ ಮೊದಲು, ಮಠ ಆಮೇಲೆ.

ನಮ್ಮಲ್ಲಿ ಆಗುತ್ತಿರುವುದೇನು? ಮಗಳು ಒಳಪಂಗಡ ದಾಟಿ ಮದುವೆಯಾದರೆ ಮುನಿಸು. ದಲಿತ ಯುವಕನ ಕೈ ಹಿಡಿದರೆ ಬಹಿಷ್ಕಾರ. ಹಿರಿಯರ ಮಾತು ಮೀರಿದ ಮನೆಗೆ ಬೀಗರು ಬರುವುದಿಲ್ಲ, ಸಾವಾದರೆ ಹೆಗಲು ಕೊಡುವವರಿಲ್ಲ. ಕೇಳಿದರೆ, ‘ಇದು ನಮ್ಮ ಸಮಾಜದ ಒಳಗಿನ ವಿಷಯ’ ಎಂಬ ಉತ್ತರ!

ಈ ಉತ್ತರ ಕೊಡುವವರು 1962ರ ತೀರ್ಪನ್ನು ತೋರಿಸಬಹುದು. ಬಹಿಷ್ಕಾರ ತಡೆಯಲು ಮುಂಬಯಿ ಪ್ರಾಂತ್ಯ 1949ರಲ್ಲಿ ಮಾಡಿದ ಕಾಯ್ದೆಯನ್ನು ದಾವೂದಿ ಬೋಹ್ರಾ ಧರ್ಮಗುರುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು, ನಿಜ. ಆದರೆ ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಅವರೇ ಅದಕ್ಕೆ ಭಿನ್ನಮತ ಬರೆದರು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಪ್ರಶ್ನೆಯನ್ನು ಒಂಬತ್ತು ಮಂದಿಯ ಪೀಠಕ್ಕೆ ಒಪ್ಪಿಸಿತು.

ಅಷ್ಟು ದೂರ ಹೋಗುವುದೂ ಬೇಡ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಅದೇ ನ್ಯಾಯಾಲಯ ಒಂದು ಅಳತೆಗೋಲು ಕೊಟ್ಟಿದೆ: ಒಂದು ಧರ್ಮಕ್ಕೆ ಯಾವುದು ಅವಶ್ಯ ಎಂಬುದನ್ನು ಆ ಧರ್ಮದ ತತ್ವದಿಂದಲೇ ಅರಿಯಬೇಕು. ಅದರಿಂದಲೇ ನಮ್ಮನ್ನು ಅಳೆಯೋಣ. ಬಸವಣ್ಣನವರು ಇಷ್ಟಲಿಂಗ ಕೊಟ್ಟದ್ದು ಯಾರ ಕೈಗೆ? ಊರ ಹಿರಿಯರ ಕೈಗಲ್ಲ, ಮಠದ ಪೀಠಕ್ಕಲ್ಲ. ಒಬ್ಬೊಬ್ಬ ಶರಣ, ಒಬ್ಬೊಬ್ಬ ಶರಣೆಯ ಅಂಗೈಗೆ. ಹಾಗಿರುವಾಗ ಬಹಿಷ್ಕಾರ ಲಿಂಗಾಯತರ ಧಾರ್ಮಿಕ ವಿಷಯ ಹೇಗಾದೀತು? ಅದು ಶುದ್ಧ ಜಾತಿಯ ವಿಷಯ.

ಹರಳಯ್ಯ, ಮಧುವರಸರು ಬೀಗರಾದದ್ದಕ್ಕೆ ಎಳೆಹೂಟೆಯ ಶಿಕ್ಷೆ ಆಯಿತು. ಅಂದು ಬಿಜ್ಜಳನ ಆಳಿಕೆ ಮಾಡಿದ್ದನ್ನು ಇಂದು ಯಾವ ಸರ್ಕಾರವೂ ಮಾಡಲಾಗದು, ಸಂವಿಧಾನ ಅಡ್ಡ ನಿಂತಿದೆ. ಆ ಕೆಲಸವನ್ನು ಹಣೆಗೆ ವಿಭೂತಿ ಹಚ್ಚಿಕೊಂಡು ನಾವೇ ಮಾಡಬೇಕೆ?

ಮಠಾಧೀಶರಲ್ಲಿ ನಮ್ಮ ಬೇಡಿಕೆ ಮೂರು. ಮದುವೆಯ ಕಾರಣಕ್ಕಾಗಲಿ, ಅಭಿಪ್ರಾಯದ ಕಾರಣಕ್ಕಾಗಲಿ ಯಾರನ್ನೂ ದೀಕ್ಷೆ, ದಾಸೋಹ, ಅಂತ್ಯಸಂಸ್ಕಾರದಿಂದ ಹೊರಗಿಡುವುದಿಲ್ಲ ಎಂದು ಬಹಿರಂಗವಾಗಿ ಸಾರಿರಿ. ಬಹಿಷ್ಕಾರ ಹಾಕಿದ ಊರಿನ ಜಾತ್ರೆಗೆ, ಅಡ್ಡಪಲ್ಲಕ್ಕಿಗೆ ಒಪ್ಪಬೇಡಿರಿ. ಮಠಗಳಲ್ಲಿ ನಡೆಯುವ ವಧು-ವರರ ಸಮಾವೇಶದ ಅರ್ಜಿಯಿಂದ ಒಳಪಂಗಡದ ಕಾಲಂ ತೆಗೆಯಿರಿ.

ಇನ್ನೂ ಒಂದು ಮಾತು. ಒಪ್ಪುವ ಸ್ವಾತಂತ್ರ್ಯದ ಒಳಗೇ ಒಪ್ಪದಿರುವ ಸ್ವಾತಂತ್ರ್ಯವೂ ಇದೆ. ಲಿಂಗ ಕಟ್ಟಿಕೊಂಡು ಬರುವವರನ್ನು ಸ್ವಾಗತಿಸುವ ನಾವು, ಬಿಟ್ಟುಹೋಗುವವರ ಮನೆಗೆ ಕಲ್ಲೆಸೆಯಬಾರದು. ಹೆದರಿ ಉಳಿದವರ ಲೆಕ್ಕ ಹಿಡಿದುಕೊಂಡು ದೆಹಲಿಯ ಮುಂದೆ ಧರ್ಮದ ಮಾನ್ಯತೆ ಕೇಳುವುದು ಬಸವಣ್ಣನವರಿಗೆ ಗೌರವವಲ್ಲ.